ವಿಗ್ಮೋರ್ ಹಾಲ್‌ನಲ್ಲಿ ಒಂದು ಪಿಯಾನೊ ಸಂಜೆ

ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಸಂಜೆ ಹೊತ್ತು ನಾವು ನಡೆಯಬೇಕಾಗಿಲ್ಲ, ಜನವೇ ತಳ್ಳಿಕೊಂಡು ಹೋಗುತ್ತಾರೆ. ನಾನು ಹೋಗಬೇಕಿದ್ದದ್ದು ಅದರ ಉತ್ತರಕ್ಕಿರುವ ವಿಗ್ಮೋರ್ ಹಾಲ್‌ಗೆ. ಆದರೂ ಬೇಕಂತಲೇ ಸುತ್ತು ಹಾಕಿ, ಮೊದಲು ದಕ್ಷಿಣದ ಹ್ಯಾನೋವರ್ ಸ್ಕ್ವೇರ್‌ಗೆ ಹೋದೆ. ಅಲ್ಲಿ ಹಿಂದೆ ಒಂದು ಸಂಗೀತ ಸಭಾಂಗಣ ಇತ್ತು. 1790ರ ದಶಕದಲ್ಲಿ ಆಸ್ಟ್ರಿಯಾದ ಸಂಗೀತ ರಚನಕಾರ ಹೈಡನ್, ವಾದ್ಯವೃಂದಕ್ಕೆ ಬರೆದ ತನ್ನ ಸಿಂಫನಿಗಳನ್ನು ಅಲ್ಲಿ ಕೇಳಿಸಿದ. 1840ರ ಜೂನ್ 9ರಂದು ಹಂಗೇರಿಯ ಪಿಯಾನೊ ವಾದಕ ಲಿಸ್ಟ್ ಅದೇ ಜಾಗದಲ್ಲಿ ಪಿಯಾನೊ ಮುಂದೆ ಒಬ್ಬನೇ ಕೂತು ಕಛೇರಿ ಮಾಡಿದ. ಆ ಕಾಲಕ್ಕೆ ಅದು ವಿಚಿತ್ರವೇ. ಹಾಡುಗಾರರು, ಪಿಟೀಲು, ವಾದ್ಯವೃಂದ ಎಲ್ಲ ಸೇರಿದರೆ ತಾನೇ ಕಾರ್ಯಕ್ರಮ? ಒಬ್ಬನೇ ಎಷ್ಟು ಹೊತ್ತು ಹಿಡಿದು ಕೂರಿಸಿಯಾನು ಅಂತ ಜನಕ್ಕೆ ಅನ್ನಿಸಿರಬೇಕು. ಆ ಕಟ್ಟಡ ಈಗಿಲ್ಲ. ಮರಗಳಿವೆ, ಸುತ್ತ ಆಫೀಸುಗಳಿವೆ, ಅಷ್ಟೇ.

ಮತ್ತೆ ಆಕ್ಸ್‌ಫರ್ಡ್ ಸ್ಟ್ರೀಟ್ ದಾಟಿ ವಿಗ್ಮೋರ್ ಸ್ಟ್ರೀಟ್‌ಗೆ ಬಂದರೆ ಗದ್ದಲ ಅರ್ಧಕ್ಕಿಳಿಯುತ್ತದೆ. ಹಾಲ್‌ನ ಬಾಗಿಲು ಅಂಗಡಿಗಳ ಸಾಲಿನಲ್ಲೇ ಇದೆ. ಗೊತ್ತಿಲ್ಲದವರು ಮುಂದೆ ಹೋಗಿಬಿಡುತ್ತಾರೆ. ಬರ್ಲಿನ್ನಿನ ಬೆಖ್‌ಸ್ಟೈನ್ ಪಿಯಾನೊ ಕಂಪನಿ ತನ್ನ ಷೋರೂಮಿನ ಪಕ್ಕದಲ್ಲೇ ಇದನ್ನು ಕಟ್ಟಿಸಿ, 1901ರಲ್ಲಿ ಬೆಖ್‌ಸ್ಟೈನ್ ಹಾಲ್ ಎಂಬ ಹೆಸರಲ್ಲಿ ತೆರೆಯಿತು. ಮೊದಲ ಮಹಾಯುದ್ಧ ಬಂತು. ಜರ್ಮನ್ ಕಂಪನಿಯ ಆಸ್ತಿ ಶತ್ರುವಿನ ಆಸ್ತಿಯಾಯಿತು. 1916ರಲ್ಲಿ ಹರಾಜು ಹಾಕಿದಾಗ ಡೆಬನ್‌ಹ್ಯಾಮ್ಸ್ ಎಂಬ ಬಟ್ಟೆ ವ್ಯಾಪಾರಿಗಳು 56,500 ಪೌಂಡಿಗೆ ಕೊಂಡರು. ಮರುವರ್ಷ ಹೆಸರು ಬದಲಾಯಿಸಿಕೊಂಡು ಬಾಗಿಲು ತೆರೆಯಿತು.

ಒಳಗೆ ಸುಮಾರು 550 ಸೀಟು. ಉದ್ದನೆಯ ಕಿರಿದಾದ ಕೋಣೆ, ಕೆಂಪು ಕುರ್ಚಿಗಳು. ವೇದಿಕೆಯ ಮೇಲಿನ ಅರ್ಧಗುಮ್ಮಟದಲ್ಲಿ ಚಿನ್ನದ ಕಿರಣಗಳ ನಡುವೆ ಸಂಗೀತದ ಆತ್ಮ ಮೇಲಕ್ಕೆ ನೋಡುತ್ತಿರುವ ಚಿತ್ರ. ಚಿತ್ರ ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸಿತು. ಕಿವಿಗೆ ಮಾತ್ರ ಈ ಕೋಣೆಗಿಂತ ಒಳ್ಳೆಯದು ಸಿಗುವುದು ಕಷ್ಟ.

ಪಿಯಾನೊಗೆ ಇಂಥ ಸಣ್ಣ ಜಾಗವೇ ಬೇಕು ಅಂತ ನನ್ನ ವಾದ. ಅದರಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಕರಗುತ್ತಾ ಹೋಗುತ್ತದೆ. ಪಿಟೀಲಿನ ಹಾಗೆ ಎಳೆದು ಹಿಗ್ಗಿಸಲು ಬರುವುದಿಲ್ಲ, ಗಮಕವೂ ಇಲ್ಲ. ಆ ಕರಗುವಿಕೆಯ ಕೊನೆಯ ಎಳೆ ಕೇಳಿಸದಿದ್ದರೆ ಅರ್ಧ ಸಂಗೀತ ಹೋದಂತೆಯೇ. ಸಾವಿರಾರು ಜನರ ಹಾಲ್‌ನಲ್ಲಿ ಅದು ಹಿಂದಿನ ಸಾಲಿಗೆ ಮುಟ್ಟುವುದೇ ಇಲ್ಲ.

ಅವತ್ತು ನುಡಿಸಿದವರ ಹೆಸರು ಹೇಳುವುದಿಲ್ಲ. ಪಿಯಾನೊ ಪ್ರಿಯರಲ್ಲಿ ಒಬ್ಬೊಬ್ಬರಿಗೂ ಒಬ್ಬೊಬ್ಬ ದೇವರು, ಸುಮ್ನೆ ಜಗಳ ಯಾಕೆ? ಜಗತ್ತೆಲ್ಲ ಬಲ್ಲ ಕಲಾವಿದರು ಅಂದರೆ ಸಾಕು. ಬಂದರು, ಬಾಗಿದರು, ಕೂತ ತಕ್ಷಣ ಶುರು ಮಾಡಿದರು.

ಮೊದಲು ಹೈಡನ್. 1794ರಲ್ಲಿ ಲಂಡನ್ನಿನಲ್ಲೇ ಬರೆದ, ಇ ಫ್ಲಾಟ್ ಶ್ರುತಿಯ ಸೊನಾಟಾ, ಅಂದರೆ ಹಲವು ಭಾಗಗಳ ವಾದ್ಯಕೃತಿ. ದಪ್ಪ ದಪ್ಪ ಸ್ವರಗುಚ್ಛಗಳಿಂದ ಆರಂಭ. ಎರಡನೇ ಭಾಗಕ್ಕೆ ಬಂದಾಗ ಶ್ರುತಿಯೇ ಅರ್ಧ ಸ್ವರ ಮೇಲಕ್ಕೆ ಜರುಗಿಬಿಡುತ್ತದೆ, ಇ ಮೇಜರ್‌ಗೆ. ಇದು ಹೈಡನ್‌ನ ತುಂಟತನ. ಮೂರನೆಯದರಲ್ಲಿ ಜಿ ಸ್ವರವನ್ನೇ ಪಟಪಟ ಬಡಿಯುತ್ತಾ ಶುರುಮಾಡಿ ನಡುವೆ ಗಕ್ಕನೆ ನಿಲ್ಲಿಸುತ್ತಾನೆ. ಆ ನಿಲುಗಡೆಗಳಲ್ಲಿ ಪಿಯಾನಿಸ್ಟ್ ಎಷ್ಟು ಕಾಯಬಹುದೋ ಅಷ್ಟು ಕಾದರು. ನನ್ನ ಮುಂದಿದ್ದವರು ನಕ್ಕೇಬಿಟ್ಟರು.

ವಿರಾಮದ ನಂತರ ಆಸ್ಟ್ರಿಯಾದವನೇ ಆದ ಶೂಬರ್ಟ್, ಬಿ ಫ್ಲಾಟ್ ಸೊನಾಟಾ, ಅವನ ಕೃತಿಪಟ್ಟಿಯಲ್ಲಿ ಡಿ 960. 1828ರ ಸೆಪ್ಟೆಂಬರಿನಲ್ಲಿ ಮುಗಿಸಿದ, ನವೆಂಬರಿನಲ್ಲಿ ತೀರಿಕೊಂಡ. ವಯಸ್ಸು 31. ಮೊದಲ ಸಾಲು ಮೆಲ್ಲಗೆ, ಪ್ರಾರ್ಥನೆಯಂತೆ ಬರುತ್ತದೆ. ಅದು ಮುಗಿಯುತ್ತಿದ್ದಂತೆ ತೀರಾ ಕೆಳಗಿನ ಮಂದ್ರದಲ್ಲಿ ಒಂದು ಕಂಪನ, ದೂರದ ಗುಡುಗಿನ ಹಾಗೆ. ಮೌನ. ಮತ್ತೆ ಅದೇ ಸಾಲು. ಆ ಗುಡುಗನ್ನು ಅವರು ಎಷ್ಟು ಮೆಲ್ಲಗೆ ನುಡಿಸಿದರೆಂದರೆ, ಕೇಳಿಸಿತೋ ಇಲ್ಲವೋ ಅನ್ನಿಸಿತು. ಇಂಥ ಕಡೆ ನಮ್ಮ ಕಛೇರಿಯಲ್ಲಾದರೆ ಯಾರಾದರೂ ‘ಭೇಷ್’ ಅಂದಿರುತ್ತಿದ್ದರು. ಇಲ್ಲಿ ಉಸಿರು ಬಿಡಲೂ ಹೆದರಿಕೆ.

ಎರಡನೇ ಭಾಗದಲ್ಲಿ ಎಡಗೈ ಕೆಳಗಿನ ಸ್ವರ ಮುಟ್ಟಿ, ಬಲಗೈಯ ಮೇಲಿಂದ ಹಾರಿ, ಆ ಕಡೆಯ ಮೇಲಿನ ಸ್ವರ ಮುಟ್ಟಿ ಬರಬೇಕು. ವೇದಿಕೆಯ ಎಡಕ್ಕೆ ಸೀಟು ಸಿಕ್ಕಿದ್ದರಿಂದ ಅದು ಪೂರ್ತಿ ಕಂಡಿತು. ಕೊನೆಯ ಭಾಗವೂ ಜಿ ಸ್ವರದಿಂದಲೇ ಶುರು! ಹೈಡನ್ ನಗಿಸಲು ಬಡಿದ ಸ್ವರವನ್ನೇ ಶೂಬರ್ಟ್ ಒಂದೇ ಸಲ ಒತ್ತಿ ಹಿಡಿದು ಅನುಮಾನ ಹುಟ್ಟಿಸುತ್ತಾನೆ. ಎರಡನ್ನೂ ಒಂದೇ ಸಂಜೆಗೆ ಇಟ್ಟದ್ದು ಆಕಸ್ಮಿಕ ಅಂತ ನಾನು ನಂಬುವುದಿಲ್ಲ.

ಹೊರಗೆ ಬರುವಾಗ ಪಕ್ಕದ ಸೀಟಿನ ವಯಸ್ಸಾದ ಮಹಿಳೆ ಜೊತೆಯಾದರು. ‘ಶೂಬರ್ಟ್‌ನ ಮೊದಲ ಭಾಗದ ಆರಂಭದ ಖಂಡವನ್ನು ಮರಳಿ ನುಡಿಸಬೇಕಿರಲಿಲ್ಲ, ಬಹಳ ಉದ್ದವಾಯಿತು. ಪಿಯಾನಿಸ್ಟ್ ಬ್ರೆಂಡೆಲ್ ಯಾವತ್ತೂ ಹಾಗೆ ಮಾಡುತ್ತಿರಲಿಲ್ಲ’ ಅಂದರು. ನಾನು ಒಪ್ಪಲಿಲ್ಲ. ಮರಳಿ ಹೋಗುವ ಮುಂಚೆ ಶೂಬರ್ಟ್ ಒಂಬತ್ತು ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಬೇರೆಯೇ ಬರೆದಿದ್ದಾನೆ. ಆ ಮಂದ್ರದ ಗುಡುಗು ಭಾರಿ ಜೋರಾಗಿ ಸಿಡಿಯುವುದು ಅಲ್ಲಿ ಮಾತ್ರ. ಮರಳದಿದ್ದರೆ ಅದನ್ನೇ ಕತ್ತರಿಸಿ ಎಸೆದಂತೆ ಅಲ್ವಾ ಎಂದೆ. ‘ಆ ಒಂಬತ್ತು ಬಾರ್ ಹೋದರೇ ಒಳ್ಳೆಯದು, ಅವು ಆ ಸಂಗೀತಕ್ಕೆ ಸೇರಿದವೇ ಅಲ್ಲ’ ಅಂದರು ಅವರು. ಬಾಂಡ್ ಸ್ಟ್ರೀಟ್ ಸ್ಟೇಷನ್ನಿನ ತನಕ ಇದೇ ಜಗಳ. ಅವರು ಬೇರೆ ಲೈನಿಗೆ ಹೋಗಬೇಕಿತ್ತು, ಇಲ್ಲದಿದ್ದರೆ ನಾನು ಇನ್ನೂ ವಾದಿಸುತ್ತಿದ್ದೆ.