ಫೋನಿನ ಅಲಾರಂ ನೋಡಿಕೊಂಡು ಗೀಸರ್, ದೀಪ: ಕೆಲಸ ಎಲ್ಲಿಗೆ ಬಂತು

ಮಲಗುವಾಗ ಫೋನಿನಲ್ಲಿ ಇಡುವ ಅಲಾರಂ ಒಂದೇ ಸಾಕು, ಬೆಳಿಗ್ಗೆ ಗೀಸರ್ ಮತ್ತು ಕೋಣೆಯ ದೀಪ ಅದನ್ನು ನೋಡಿಕೊಂಡೇ ನಡೆಯಬೇಕು ಎನ್ನುವುದು ಈ ಕೆಲಸದ ಉದ್ದೇಶ. ಮಾಮೂಲಿ ಟೈಮರ್ ಹಾಕಿದರೆ ಭಾನುವಾರವೂ ಐದೂವರೆಗೆ ಗೀಸರ್ ಆನ್ ಆಗುತ್ತದೆ. ಬಸ್ಸು ಹಿಡಿಯಲು ನಾಲ್ಕಕ್ಕೇ ಏಳಬೇಕಾದ ದಿನ ತಣ್ಣೀರೇ ಗತಿ. ನಾಳೆ ಎಷ್ಟು ಹೊತ್ತಿಗೆ ಏಳುತ್ತೇವೆ ಎಂದು ನಿಜವಾಗಿ ಗೊತ್ತಿರುವುದು ಅಲಾರಂಗೆ ಮಾತ್ರ.

ಸಾಮಾನು: ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಹೋಮ್ ಅಸಿಸ್ಟೆಂಟ್ (ಮನೆಯ ಉಪಕರಣಗಳನ್ನು ನಡೆಸುವ ತಂತ್ರಾಂಶ), ಆಂಡ್ರಾಯ್ಡ್ ಫೋನಿನಲ್ಲಿ ಅದರ ಕಂಪ್ಯಾನಿಯನ್ ಆ್ಯಪ್, ಟಾಸ್ಮೋಟಾ ಎಂಬ ತಂತ್ರಾಂಶ ಹಾಕಿದ 10 ಆಂಪಿಯರ್ ವೈಫೈ ರಿಲೇ (ವೈಫೈ ಮೂಲಕ ನಡೆಯುವ ಸ್ವಿಚ್), 25 ಆಂಪಿಯರ್ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟು ತಡೆಯುವ ದೊಡ್ಡ ಸ್ವಿಚ್), 15 ಲೀಟರಿನ 2000 ವ್ಯಾಟ್ ಗೀಸರ್, ಜಿಗ್ಬೀ ಎಂಬ ವೈರ್‌ಲೆಸ್ ಸಂಪರ್ಕದ ಒಂದು ಬಲ್ಬು.

ಒಂದನೇ ಹಂತ: ಅಲಾರಂ ಸಮಯವನ್ನು ಹೊರಗೆ ತರುವುದು (ಮುಗಿದಿದೆ)

ಆಂಡ್ರಾಯ್ಡ್ 5.0 ಬಂದಾಗಿನಿಂದ, ಮುಂದಿನ ಅಲಾರಂ ಯಾವಾಗ ಎಂದು ಬೇರೆ ಆ್ಯಪ್‌ಗಳು ಫೋನನ್ನು ಕೇಳಬಹುದು. ಕಂಪ್ಯಾನಿಯನ್ ಆ್ಯಪ್‌ನ ‘ನೆಕ್ಸ್ಟ್ ಅಲಾರಂ’ ಸೆನ್ಸರ್ ಮಾಡುವುದು ಇದನ್ನೇ. ಸೆಟ್ಟಿಂಗ್ಸ್, ಕಂಪ್ಯಾನಿಯನ್ ಆ್ಯಪ್, ಮ್ಯಾನೇಜ್ ಸೆನ್ಸರ್ಸ್‌ಗೆ ಹೋಗಿ ಅದನ್ನು ಆನ್ ಮಾಡಬೇಕು. ಅಲಾರಂ ಬದಲಾಯಿಸಿದ ಕೂಡಲೇ ಹೊಸ ಸಮಯ ಹೋಮ್ ಅಸಿಸ್ಟೆಂಟ್‌ಗೆ ಹೋಗುತ್ತದೆ. ಆ್ಯಪ್‌ನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡದಿದ್ದರೆ ಫೋನು ಅದನ್ನು ಮಲಗಿಸಿಬಿಡುತ್ತದೆ. ಕೆಲವು ಫೋನುಗಳಲ್ಲಿ ‘ಆಟೋಸ್ಟಾರ್ಟ್’ ಅನುಮತಿಯನ್ನು ಬೇರೆಯಾಗಿ ಕೊಡಬೇಕು.

ಇದರ ದೊಡ್ಡ ಲಾಭ: ಸಮಯ ರಾತ್ರಿಯೇ ತಲುಪಿರುತ್ತದೆ. ಬೆಳಿಗ್ಗೆ ಫೋನಿನ ವೈಫೈ ಕಡಿದುಹೋಗಿದ್ದರೂ, ಇಂಟರ್ನೆಟ್ ಇಲ್ಲದಿದ್ದರೂ ಗೀಸರ್ ಕೆಲಸ ನಿಲ್ಲುವುದಿಲ್ಲ.

ಎರಡು ಕಡೆ ಎಚ್ಚರ ಬೇಕು. ಸೆನ್ಸರ್ ತೋರಿಸುವುದು ಯುಟಿಸಿ (ಜಾಗತಿಕ ಪ್ರಮಾಣ) ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 6:00ರ ಅಲಾರಂ ಅಲ್ಲಿ 00:30. ಆದರೆ 5:15ರ ಅಲಾರಂ ಹಿಂದಿನ ದಿನದ 23:45 ಆಗಿ ಕಾಣುತ್ತದೆ. ‘ಅಲಾರಂ ನಾಳೆಗಿದೆಯೇ’ ಎಂದು ಪರೀಕ್ಷಿಸಲು ಆ ಸಾಲಿನಿಂದ ತಾರೀಖಿನ ಅಕ್ಷರಗಳನ್ನಷ್ಟೇ ಕತ್ತರಿಸಿಕೊಂಡರೆ, ಐದೂವರೆಗಿಂತ ಮುಂಚಿನ ಅಲಾರಂಗಳೆಲ್ಲ ತಪ್ಪುತ್ತವೆ. ಮೊದಲು ಅದನ್ನು ಸಮಯವಾಗಿ ಪರಿವರ್ತಿಸಿ, ಸ್ಥಳೀಯ ಸಮಯಕ್ಕೆ ತಂದು, ಆಮೇಲೆ ಹೋಲಿಸಬೇಕು.

ಎರಡನೆಯದು, ಅಲಾರಂ ಇಡುವುದು ಗಡಿಯಾರದ ಆ್ಯಪ್ ಮಾತ್ರವಲ್ಲ. ಕ್ಯಾಲೆಂಡರ್, ಮಾತ್ರೆ ನೆನಪಿಸುವ ಆ್ಯಪ್ ಕೂಡ ಅದೇ ದಾರಿಯಲ್ಲಿ ಅಲಾರಂ ಇಡಬಹುದು. ಸೆನ್ಸರಿನ ಸೆಟ್ಟಿಂಗ್‌ನಲ್ಲಿರುವ ‘ಅಲೋ ಲಿಸ್ಟ್’ನಲ್ಲಿ ಗಡಿಯಾರದ ಆ್ಯಪ್ ಒಂದನ್ನೇ ಆರಿಸಿದರೆ ಉಳಿದವು ಸೋಸಿಹೋಗುತ್ತವೆ. ಆದರೂ ಒಂದು ಸಂದು ಉಳಿಯುತ್ತದೆ, ಏಕೆಂದರೆ ಆಂಡ್ರಾಯ್ಡ್ ಕೊಡುವುದು ಎಲ್ಲಕ್ಕಿಂತ ಮೊದಲಿನ ಒಂದೇ ಅಲಾರಂ. ಮಾತ್ರೆಯ ಆ್ಯಪ್ 5:50ಕ್ಕೆ ಅಲಾರಂ ಇಟ್ಟಿದ್ದರೆ, 6:00ರದು ಅದರ ಹಿಂದೆ ಮರೆಯಾಗಿ 5:50 ದಾಟಿದ ಮೇಲಷ್ಟೇ ಕಾಣುತ್ತದೆ. ಗೀಸರಿಗೆ ಆಗ ಉಳಿಯುವುದು ಹತ್ತೇ ನಿಮಿಷ. ಆ ನೆನಪೋಲೆಯನ್ನು ಏಳುವ ಹೊತ್ತಿನ ನಂತರಕ್ಕೆ ತಳ್ಳುವುದೇ ಇದಕ್ಕಿರುವ ಪರಿಹಾರ.

ಎರಡನೇ ಹಂತ: ಗೀಸರ್ (ಮುಗಿದಿದೆ)

ಎಷ್ಟು ಮುಂಚೆ ಆನ್ ಆಗಬೇಕು? ಟ್ಯಾಂಕಿನ ನೀರು 20 ಡಿಗ್ರಿ ಇದೆ, 55ಕ್ಕೆ ಏರಬೇಕು ಎಂದುಕೊಳ್ಳೋಣ. 15 ಲೀಟರನ್ನು 35 ಡಿಗ್ರಿ ಏರಿಸಲು ಸುಮಾರು 2200 ಕಿಲೋಜೂಲ್ ಬೇಕು. 2000 ವ್ಯಾಟ್ ಕಾಯಿಲ್‌ಗೆ ಅದು 18 ನಿಮಿಷದ ಕೆಲಸ. ಆದರೆ ಆ 2000 ವ್ಯಾಟ್ ಸಿಗುವುದು 230 ವೋಲ್ಟ್ ಇದ್ದಾಗ. ವೋಲ್ಟೇಜ್ 200ಕ್ಕೆ ಇಳಿದರೆ ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಇಳಿದು ಸುಮಾರು 1500 ವ್ಯಾಟ್ ಆಗುತ್ತದೆ, ಸಮಯ 24 ನಿಮಿಷಕ್ಕೆ ಏರುತ್ತದೆ. ಎಲ್ಲರ ಮನೆಯ ಗೀಸರೂ ಒಟ್ಟಿಗೆ ಓಡುವ ಚಳಿಗಾಲದ ಬೆಳಗಿಗೆ ಇದೇ ಲೆಕ್ಕ ಸರಿ. ಹಾಗಾಗಿ 25 ನಿಮಿಷ ಇಟ್ಟಿದ್ದೇವೆ. 25 ಲೀಟರಿನ ಗೀಸರಾದರೆ 40 ಬೇಕಾಗುತ್ತದೆ.

2000 ವ್ಯಾಟ್ ಎಂದರೆ 8.7 ಆಂಪಿಯರ್. ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿದೆಯಲ್ಲ, ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಗಾಳಿಯಾಡದ ಸ್ವಿಚ್‌ಬೋರ್ಡಿನೊಳಗೆ ದಿನವೂ ಅರ್ಧ ಗಂಟೆ ಮಿತಿಯ ಅಂಚಿನಲ್ಲಿ ಓಡುವ ಚಿಕ್ಕ ರಿಲೇಯ ಟರ್ಮಿನಲ್‌ಗಳು ಬಿಸಿಯಾಗುತ್ತವೆ, ಕೊನೆಗೆ ಸಂಪರ್ಕದ ತುದಿಗಳು ಅಂಟಿಕೊಂಡು ಗೀಸರ್ ಆಫ್ ಆಗುವುದೇ ಇಲ್ಲ. ಇಲ್ಲಿ ರಿಲೇ ಕಾಂಟ್ಯಾಕ್ಟರ್‌ನ ಕಾಯಿಲನ್ನಷ್ಟೇ ಎಳೆಯುತ್ತದೆ, ಗೀಸರಿನ ಕರೆಂಟು ಹರಿಯುವುದು ಕಾಂಟ್ಯಾಕ್ಟರ್ ಮೂಲಕ. ಎರಡನ್ನೂ ಬಚ್ಚಲುಮನೆಯ ಹೊರಗಿನ ಡಬ್ಬಿಯಲ್ಲಿ ಕೂರಿಸಬೇಕು, ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು. ಗೀಸರಿನ ಥರ್ಮೋಸ್ಟಾಟ್, ಥರ್ಮಲ್ ಕಟ್‌ಔಟ್‌ಗಳನ್ನು ಮುಟ್ಟಬೇಡಿ. ಆಟೊಮೇಷನ್ ಅವುಗಳ ಮೇಲಿನ ಇನ್ನೊಂದು ಪದರ, ಅವುಗಳ ಬದಲಿ ಅಲ್ಲ.

ಆಫ್ ಮಾಡುವ ಜವಾಬ್ದಾರಿಯನ್ನು ಹೋಮ್ ಅಸಿಸ್ಟೆಂಟ್‌ಗೆ ಬಿಟ್ಟಿಲ್ಲ. ಆನ್ ಮಾಡಿದ ಮೇಲೆ ಪೈ ಸ್ಥಗಿತವಾದರೆ ಆಫ್ ಮಾಡುವವರು ಯಾರು? ಟಾಸ್ಮೋಟಾದ ಕನ್ಸೋಲಿನಲ್ಲಿ ಪಲ್ಸ್‌ಟೈಮ್ ಅನ್ನು 2200ಕ್ಕೆ ಇಟ್ಟರೆ, ರಿಲೇ ಆನ್ ಆದ 35 ನಿಮಿಷಕ್ಕೆ ತಾನಾಗಿಯೇ ಆಫ್ ಆಗುತ್ತದೆ. 112ರಿಂದ ಮೇಲಿನ ಸಂಖ್ಯೆಗಳಲ್ಲಿ 100 ಕಳೆದರೆ ಸೆಕೆಂಡು ಸಿಗುತ್ತದೆ: 2200ರಲ್ಲಿ 100 ಕಳೆದರೆ 2100, ಅಂದರೆ 35 ನಿಮಿಷ. ಜೊತೆಗೆ ಪವರ್‌ಆನ್‌ಸ್ಟೇಟ್ 0 ಇರಲಿ. ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ರಿಲೇ ಹಳೆಯ ಸ್ಥಿತಿಗೆ ಮರಳಿ ಗೀಸರನ್ನು ಮತ್ತೆ ಹೊತ್ತಿಸಬಹುದು.

ಮೂರನೇ ಹಂತ: ಹೊಡೆಯುವ ಗಳಿಗೆಯ ಗೊಂದಲ

ಹೆಚ್ಚು ತಲೆ ತಿಂದ ಭಾಗ ಇದು. ಹೋಮ್ ಅಸಿಸ್ಟೆಂಟ್‌ನ ‘ಟೈಮ್’ ಟ್ರಿಗರ್‌ಗೆ (ಹೇಳಿದ ಹೊತ್ತಿಗೆ ಕೆಲಸ ಶುರುಮಾಡಿಸುವ ನಿಯಮ) ನೇರವಾಗಿ ಈ ಸೆನ್ಸರನ್ನೇ ಕೊಡಬಹುದು, ‘ಆಫ್‌ಸೆಟ್’ ಜಾಗದಲ್ಲಿ ಮೈನಸ್ 25 ನಿಮಿಷ ಎಂದೂ ಬರೆಯಬಹುದು. ಗೀಸರಿಗೆ ಅಷ್ಟು ಸಾಕು. ಆದರೆ ಸರಿಯಾಗಿ ಅಲಾರಂ ಹೊಡೆಯುವ ಹೊತ್ತಿಗೇ ಏನಾದರೂ ಆಗಬೇಕೆಂದರೆ ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ. ಕಾರಣ ಹೀಗೆ: 6:00ಕ್ಕೆ ಅಲಾರಂ ಬಡಿದುಕೊಂಡ ಕೂಡಲೇ ಫೋನಿಗೆ ‘ಮುಂದಿನ ಅಲಾರಂ’ ಎಂದರೆ ನಾಳೆಯದು. ಸೆನ್ಸರ್ ಅದೇ ಸೆಕೆಂಡಿನಲ್ಲಿ ನಾಳೆಗೆ ಜಿಗಿಯುತ್ತದೆ. ಫೋನಿನ ಗಡಿಯಾರ ಪೈಗಿಂತ ಒಂದೆರಡು ಸೆಕೆಂಡು ಮುಂದಿದ್ದರೆ, ಪೈನಲ್ಲಿ 6:00 ಆಗುವ ಮೊದಲೇ ಟ್ರಿಗರ್ ನಾಳೆಗೆ ಸರಿದುಬಿಟ್ಟಿರುತ್ತದೆ. ಲಾಗ್‌ನಲ್ಲಿ ತಪ್ಪೇನೂ ಕಾಣುವುದಿಲ್ಲ.

ಪರಿಹಾರವಾಗಿ ಸೆನ್ಸರ್ ಮತ್ತು ಟ್ರಿಗರ್ ನಡುವೆ ತಾರೀಖು ಮತ್ತು ಸಮಯ ಎರಡೂ ಇರುವ ಒಂದು ಹೆಲ್ಪರ್ (ಸಮಯವನ್ನು ನೆನಪಿಟ್ಟುಕೊಳ್ಳುವ ಖಾನೆ) ಇಟ್ಟಿದ್ದೇವೆ. ಸೆನ್ಸರ್ ಬದಲಾದಾಗ ಹೊಸ ಸಮಯ ಹೆಲ್ಪರ್‌ಗೆ ನಕಲಾಗುತ್ತದೆ, ಆದರೆ ಹೆಲ್ಪರಿನಲ್ಲಿರುವ ಸಮಯ ಈಗಿನಿಂದ ಎರಡು ನಿಮಿಷದ ಆಚೀಚೆ ಇದ್ದರೆ ನಕಲು ಆಗದು. ಟ್ರಿಗರ್‌ಗಳೆಲ್ಲ ಹೆಲ್ಪರನ್ನೇ ನೋಡುತ್ತವೆ. ಹೆಲ್ಪರ್ ಸಮಯ ದಾಟಿ ಮೂರು ನಿಮಿಷಕ್ಕೆ ಇನ್ನೊಂದು ಟ್ರಿಗರ್ ಸೆನ್ಸರನ್ನು ಮತ್ತೆ ಓದಿ ನಾಳೆಯದನ್ನು ತುಂಬುತ್ತದೆ. ಯಾವ ಅಲಾರಮ್ಮೂ ಇಲ್ಲದಿದ್ದರೆ ಸೆನ್ಸರ್ ‘ಅನ್‌ಅವೈಲಬಲ್’ ಆಗುತ್ತದೆ. ಆ ಸ್ಥಿತಿ ಒಂದು ನಿಮಿಷ ಹಾಗೇ ಇದ್ದರೆ ಅಲಾರಂ ತೆಗೆದಿದ್ದಾರೆ ಎಂದು ತಿಳಿದು ಹೆಲ್ಪರಿಗೆ ಹಳೆಯ ತಾರೀಖು ಹಾಕುತ್ತೇವೆ. ರಜೆಯ ಹಿಂದಿನ ರಾತ್ರಿ ಅಲಾರಂ ತೆಗೆದರೆ ಗೀಸರೂ ಸುಮ್ಮನಿರುವುದು ಹೀಗೆ.

ಮೂರು ನಿಮಿಷದ ಈ ಓದಿಗೆ ಇನ್ನೊಂದು ಉಪಯೋಗ ಇದೆ. ಅಲಾರಂ ನಿಲ್ಲಿಸಿದರೆ ಸೆನ್ಸರ್ ನಾಳೆಯಲ್ಲೇ ಉಳಿಯುತ್ತದೆ. ಸ್ನೂಜ್ ಒತ್ತಿದರೆ ಹತ್ತು ನಿಮಿಷದ ಆಚೆಗಿನ ಸಮಯಕ್ಕೆ ವಾಪಸಾಗುತ್ತದೆ. ಓದಿದಾಗ ಸಿಕ್ಕಿದ್ದು ಹದಿನೈದು ನಿಮಿಷದೊಳಗಿನ ಸಮಯವಾದರೆ ಅದು ಸ್ನೂಜ್. ಆದರೆ ಸುಮ್ಮನೆ ಹೊಡೆಯುತ್ತಲೇ ಇರುವ ಅಲಾರಂಗೂ ನಿಲ್ಲಿಸಿದ ಅಲಾರಂಗೂ ವ್ಯತ್ಯಾಸ ಈ ಸೆನ್ಸರಿನಲ್ಲಿ ಕಾಣುವುದಿಲ್ಲ. ‘ಎದ್ದಿದ್ದಾರೆ’ ಎಂದು ಖಚಿತಪಡಿಸಿಕೊಳ್ಳಲು ಚಾರ್ಜರಿನಿಂದ ಫೋನ್ ತೆಗೆದದ್ದನ್ನು ನೋಡುತ್ತೇವೆ. ಅದಕ್ಕೆ ಆ್ಯಪ್‌ನಲ್ಲೇ ಸೆನ್ಸರ್ ಇದೆ.

ಮಲಗುವಾಗಲೇ ತಡವಾಗಿ, ಇಪ್ಪತ್ತು ನಿಮಿಷದ ನಿದ್ದೆಗೆ ಅಲಾರಂ ಇಟ್ಟರೆ ‘25 ನಿಮಿಷ ಮುಂಚೆ’ ಎನ್ನುವ ಹೊತ್ತು ಆಗಲೇ ಕಳೆದಿರುತ್ತದೆ, ಟ್ರಿಗರ್ ಆಗುವುದಿಲ್ಲ. ಹೆಲ್ಪರ್ ಬದಲಾದಾಗ ಉಳಿದಿರುವುದು 5ರಿಂದ 25 ನಿಮಿಷವಾದರೆ ತಕ್ಷಣ ಆನ್ ಎಂಬ ನಿಯಮ ಸೇರಿಸಿದರೆ ಅದು ಸರಿಹೋಗುತ್ತದೆ. ಆಗ ಸ್ನೂಜ್ ಕೂಡ ಅದೇ ನಿಯಮಕ್ಕೆ ಸಿಕ್ಕಿ ಗೀಸರನ್ನು ಎರಡನೇ ಸಲ ಹೊತ್ತಿಸುತ್ತದೆ! ಕಳೆದ ಒಂದು ಗಂಟೆಯಲ್ಲಿ ಗೀಸರ್ ಆನ್ ಆಗಿರಬಾರದು ಎಂಬ ಷರತ್ತು ಅದನ್ನು ತಡೆಯುತ್ತದೆ. ಇನ್ನೊಂದು ಷರತ್ತು, ಫೋನ್ ಮನೆಯಲ್ಲೇ ಇರಬೇಕು. ಇಲ್ಲವಾದರೆ ನೆಂಟರ ಮನೆಯಲ್ಲಿ ಇಟ್ಟ ಅಲಾರಂಗೆ ಬೀಗ ಹಾಕಿದ ಮನೆಯಲ್ಲಿ ನೀರು ಕಾಯುತ್ತದೆ.

ದೀಪ

ಇದು ಸುಲಭ. ಅಲಾರಂಗೆ 15 ನಿಮಿಷ ಮುಂಚೆ ಬಲ್ಬನ್ನು ಶೇಕಡಾ 1ಕ್ಕೆ ಹಚ್ಚಿ, ಎರಡು ಸೆಕೆಂಡು ಬಿಟ್ಟು, ಶೇಕಡಾ 70ಕ್ಕೆ 900 ಸೆಕೆಂಡಿನ ‘ಟ್ರಾನ್ಸಿಷನ್’ ಕೊಟ್ಟರೆ ಬಲ್ಬೇ ನಿಧಾನವಾಗಿ ಬೆಳಕು ಏರಿಸಿಕೊಳ್ಳುತ್ತದೆ. ಗೋಡೆಯ ಸ್ವಿಚ್ ಆಫ್ ಇದ್ದರೆ ಬಲ್ಬಿಗೆ ಸಂದೇಶವೇ ತಲುಪದು, ಆ ಸ್ವಿಚ್ ಸದಾ ಆನ್ ಇರಲಿ. ಕರೆಂಟು ಹೋಗಿ ನಡುರಾತ್ರಿ ಬಂದಾಗ ಇಂಥ ಬಲ್ಬುಗಳು ಸಾಮಾನ್ಯವಾಗಿ ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತವೆ. ಜಿಗ್ಬೀ ಬಲ್ಬನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸುವ ಜಿಗ್ಬೀ2ಎಂಕ್ಯೂಟಿಟಿಯಲ್ಲಿ ‘ಪವರ್ ಆನ್ ಬಿಹೇವಿಯರ್’ ಅನ್ನು ‘ಆಫ್’ ಮಾಡಿ. ಎಲ್ಲ ಬಲ್ಬುಗಳಲ್ಲಿ ಈ ಆಯ್ಕೆ ಇರುವುದಿಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಐಫೋನ್ ಇರುವವರಿಗೆ

ಆ್ಯಪಲ್ ಮುಂದಿನ ಅಲಾರಂ ಸಮಯವನ್ನು ಕಂಪ್ಯಾನಿಯನ್ ಆ್ಯಪ್‌ಗೆ ಬಿಟ್ಟುಕೊಡುವುದಿಲ್ಲ. ಬದಲಿಗೆ ಶಾರ್ಟ್‌ಕಟ್ಸ್ ಆ್ಯಪ್‌ನ ಆಟೊಮೇಷನ್‌ನಲ್ಲಿ ಅಲಾರಂ ಹೊಡೆದಾಗ, ಸ್ನೂಜ್ ಆದಾಗ, ನಿಲ್ಲಿಸಿದಾಗ ಎಂದು ಮೂರು ಆಯ್ಕೆಗಳಿವೆ. ನಿಲ್ಲಿಸಿದ್ದು ಇಲ್ಲಿ ನೇರವಾಗಿ ತಿಳಿಯುತ್ತದೆ. ‘ರನ್ ಇಮಿಡಿಯೆಟ್ಲಿ’ ಆರಿಸಿ, ‘ಗೆಟ್ ಕಂಟೆಂಟ್ಸ್ ಆಫ್ ಯುಆರ್‌ಎಲ್’ನಲ್ಲಿ ಹೋಮ್ ಅಸಿಸ್ಟೆಂಟ್‌ನ ವೆಬ್‌ಹುಕ್ ವಿಳಾಸ (ಕರೆ ಬಂದರೆ ಆಟೊಮೇಷನ್ ಶುರುಮಾಡುವ ವಿಳಾಸ) ಹಾಕಿ, ವಿಧಾನವನ್ನು ‘ಪೋಸ್ಟ್’ಗೆ ಬದಲಿಸಿ, ಅಲ್ಲಿ ಮೊದಲೇ ಇರುವ ‘ಗೆಟ್’ ಅನ್ನು ವೆಬ್‌ಹುಕ್ ಒಪ್ಪುವುದಿಲ್ಲ. ವೆಬ್‌ಹುಕ್ ಮೊದಲಿಗೆ ಮನೆಯ ನೆಟ್‌ವರ್ಕ್‌ನಿಂದ ಬಂದ ಕರೆಗಷ್ಟೇ ಓಗೊಡುತ್ತದೆ, ಫೋನ್ ಮೊಬೈಲ್ ಡೇಟಾದಲ್ಲಿದ್ದರೆ ಕೆಲಸ ಆಗದು. ಕೋಣೆಯ ದೀಪ, ಫ್ಯಾನು, ಪರದೆಗೆ ಇದು ಚೆನ್ನಾಗಿದೆ. ಹೊಡೆದ ಮೇಲೆ ಸುದ್ದಿ ಬರುವುದರಿಂದ ಗೀಸರಿಗೆ ಆಗದು, ಅದಕ್ಕೆ ಏಳುವ ಸಮಯವನ್ನು ಡ್ಯಾಶ್‌ಬೋರ್ಡಿನ ಹೆಲ್ಪರಿನಲ್ಲಿ ಕೈಯಾರೆ ಇಡಬೇಕು.

ಬಾಕಿ

ಪೈ 4ರಲ್ಲಿ ಕರೆಂಟಿಲ್ಲದಾಗಲೂ ಓಡುವ ಗಡಿಯಾರ ಇಲ್ಲ. ಎರಡು ಗಂಟೆ ಕರೆಂಟು ಹೋಗಿ ಬಂದರೆ, ಇಂಟರ್ನೆಟ್‌ನಿಂದ ಸಮಯ ಸಿಗುವವರೆಗೆ ಅದು ಎರಡು ಗಂಟೆ ಹಿಂದೆಯೇ ಇರುತ್ತದೆ. ರೌಟರ್ ಏಳುವುದು ಪೈಗಿಂತ ತಡವಾದರೆ ಆ ನಡುವೆ ಟ್ರಿಗರ್ ತಪ್ಪುತ್ತದೆ. ಈಗ ರೌಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇದೆ. ಪೈಗೆ 5 ವೋಲ್ಟ್, 3 ಆಂಪಿಯರ್ ಕೊಡುವಂಥದ್ದು ಮತ್ತು ಡಿಎಸ್3231 ಗಡಿಯಾರದ ಮಾಡ್ಯೂಲ್ ಜೋಡಿಸಬೇಕಿದೆ.

ಮನೆಯಲ್ಲಿ ಎರಡು ಫೋನುಗಳಿದ್ದರೆ ಎರಡರಲ್ಲಿ ಮೊದಲು ಬರುವ ಅಲಾರಮ್ಮನ್ನು ಆರಿಸುವ ಟೆಂಪ್ಲೇಟ್ ಸೆನ್ಸರ್ (ಸೂತ್ರದಿಂದ ಲೆಕ್ಕ ಹಾಕುವ ಸೆನ್ಸರ್) ತಯಾರಾಗಿದೆ; ‘ಅನ್‌ಅವೈಲಬಲ್’ ಇರುವ ಫೋನನ್ನು ಮೊದಲು ಬಿಟ್ಟುಬಿಡದಿದ್ದರೆ ಇಡೀ ಟೆಂಪ್ಲೇಟ್ ಕೆಟ್ಟುನಿಲ್ಲುತ್ತದೆ. ಎರಡು ಅಲಾರಂಗಳ ನಡುವೆ ಒಂದು ಗಂಟೆಗಿಂತ ಹೆಚ್ಚು ಅಂತರ ಇದ್ದಾಗ ಗೀಸರ್ ಎರಡು ಸಲ ಆನ್ ಆಗಬೇಕೇ, ಅಥವಾ ಮೊದಲ ಸಲದ ಬಿಸಿನೀರೇ ಉಳಿಯುತ್ತದೆಯೇ ಎಂದು ನೋಡಲು ನೀರು ಹೊರಬರುವ ಪೈಪಿಗೆ ಡಿಎಸ್18ಬಿ20 ತಾಪಮಾನದ ಸೆನ್ಸರ್ ಕಟ್ಟುವುದು ಮುಂದಿನ ಕೆಲಸ.