ಚಕ್ರದ ಮನೆ ನೋಡಲು ಕ್ವಾರ್ಟ್‌ಸೈಟ್‌ಗೆ

ಅಮ್ಮ ತಿಪಟೂರಿನಿಂದ ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್ ಪಕ್ಕದ ಚಾಂಡ್ಲರ್‌ಗೆ ಬಂದು ಎರಡು ವಾರ ಆಗಿತ್ತಷ್ಟೇ. ಅಷ್ಟರಲ್ಲಿ ನಾವಿದ್ದ ಮನೆ ಮಾರಾಟವಾಗಿತ್ತು. ಫೆಬ್ರವರಿ ಕೊನೆಗೆ ಬೀಗದ ಕೈ ಕೊಡಬೇಕು. ಹೊಸ ಮನೆ ಮಾರ್ಚ್‌ಗೆ ರೆಡಿ ಅಂದಿದ್ದವರು ಈಗ ಸೆಪ್ಟೆಂಬರ್ ಅನ್ನುತ್ತಿದ್ದರು.

"ಅಲ್ಲೀ ತನಕ ಎಲ್ಲಿರ್ತೀರ?" ಅಂತ ಅಮ್ಮ ಕೇಳಿದರು. ಇವರು ಲ್ಯಾಪ್‌ಟಾಪ್ ತಿರುಗಿಸಿ ಒಂದು ಫೋಟೋ ತೋರಿಸಿದರು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಇದು ಲಾರಿ ಅಲ್ವೇನೇ?"

ಪೂರ್ತಿ ತಪ್ಪೇನೂ ಅಲ್ಲ. ಫಿಫ್ತ್ ವೀಲ್ ಟ್ರೇಲರ್ ಅಂದರೆ ಚಕ್ರದ ಮೇಲಿನ ಮನೆ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಟ್ರೇಲರ್‌ಗಿಂತ ಇದು ಬೇರೆ. ಇದರ ಮೂತಿ ಪಿಕಪ್ ಟ್ರಕ್ಕಿನ ಹಿಂಭಾಗದ ತೊಟ್ಟಿಯ ಮೇಲಕ್ಕೆ ಚಾಚಿಕೊಂಡಿರುತ್ತದೆ. ಅಲ್ಲಿಂದ ಕೆಳಗೆ ಇಳಿದಿರುವ ಒಂದು ದಪ್ಪ ಪಿನ್ನು ಟ್ರಕ್ಕಿನಲ್ಲಿ ಕೂರಿಸಿದ ತಟ್ಟೆಗೆ ಸಿಕ್ಕಿಕೊಳ್ಳುತ್ತದೆ. ನಮ್ಮೂರ ಹೈವೇಯಲ್ಲಿ ಕಂಟೇನರ್ ಎಳೆಯುವ ಲಾರಿಗಳದ್ದೂ ಇದೇ ಏರ್ಪಾಡು. ಹೆಸರು ಬಂದದ್ದು ಕುದುರೆ ಗಾಡಿಗಳ ಕಾಲದಿಂದ. ನಾಲ್ಕು ಚಕ್ರದ ಸಾರೋಟಿನಲ್ಲಿ ಮುಂದಿನ ಅಚ್ಚು ತಿರುಗಲಿ ಅಂತ ಅದರ ಮೇಲೆ ಒಂದು ಬಳೆ ಅಡ್ಡ ಮಲಗಿಸುತ್ತಿದ್ದರಂತೆ. ಅದೇ ಐದನೇ ಚಕ್ರ.

ನಮ್ಮ ಲೆಕ್ಕ ಸರಳ. ಆರೇಳು ತಿಂಗಳ ಅಪಾರ್ಟ್‌ಮೆಂಟ್ ಬಾಡಿಗೆ ಹೋದರೆ ಹೋಯಿತು. ಟ್ರೇಲರ್ ಕೊಂಡರೆ ಆಮೇಲೆ ಮಕ್ಕಳನ್ನು ಕರೆದುಕೊಂಡು ಸುತ್ತಬಹುದು. ಇವರ ಹತ್ತಿರ ಮುಕ್ಕಾಲು ಟನ್ನಿನ ಪೆಟ್ರೋಲ್ ಪಿಕಪ್ ಮೊದಲೇ ಇತ್ತು (ಮುಕ್ಕಾಲು ಟನ್, ಒಂದು ಟನ್ ಅನ್ನುವುದು ಟ್ರಕ್ಕಿನ ವರ್ಗದ ಹೆಸರಷ್ಟೇ, ಹೊರುವ ತೂಕವಲ್ಲ). ಹಳೇ ಮಾಲೀಕ ಅದರಲ್ಲಿ ಫಿಫ್ತ್ ವೀಲ್ ಹಿಚ್, ಅಂದರೆ ಪಿನ್ನು ಕೂರುವ ಆ ತಟ್ಟೆ, ಕೂಡ ಬಿಟ್ಟುಹೋಗಿದ್ದ. ಹುಡುಕಿ ಹುಡುಕಿ ಕೊನೆಗೆ ಎರಡು ಟ್ರೇಲರ್ ಉಳಿದವು. ಎರಡೂ ಕ್ವಾರ್ಟ್‌ಸೈಟ್‌ನಲ್ಲೇ. 2023ರ ಜನವರಿಯ ಒಂದು ಶನಿವಾರ ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಐದೂ ಜನ ಹೊರಟೆವು.

ಐ-10 ರಸ್ತೆ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಎರಡು ಗಂಟೆಗೂ ಮೀರಿ ನೇರ ರಸ್ತೆ, ಕಂದು ಗುಡ್ಡ, ಲಾರಿಗಳು. ಮಕ್ಕಳು ಮಲಗಿದರು. ಅಮ್ಮ ಸಗುವಾರೊ ಕಳ್ಳಿಗಳನ್ನು ನಲವತ್ತರವರೆಗೆ ಎಣಿಸಿ ಬಿಟ್ಟರು.

ಕ್ವಾರ್ಟ್‌ಸೈಟ್ ಎರಡೂವರೆ ಸಾವಿರ ಜನ ಕೂಡ ಇಲ್ಲದ ಊರು. ಬೇಸಿಗೆಯಲ್ಲಿ ಅಲ್ಲಿ ನಾಯಿಯೂ ಓಡಾಡುವುದಿಲ್ಲವೇನೋ. ಚಳಿಗಾಲದಲ್ಲಿ ಮಾತ್ರ ಉತ್ತರದ ಹಿಮದ ರಾಜ್ಯಗಳಿಂದ ವಯಸ್ಸಾದವರು ತಮ್ಮ ತಮ್ಮ ಚಕ್ರದ ಮನೆ ಎಳೆದುಕೊಂಡು ಬಂದು ಮರುಭೂಮಿಯಲ್ಲಿ ಬೀಡು ಬಿಡುತ್ತಾರೆ. ಕಣ್ಣು ಹಾಯುವಷ್ಟು ದೂರವೂ ಬಿಳಿ ಡಬ್ಬಿಗಳು, ಸೋಲಾರ್ ಫಲಕಗಳು, ಮಡಿಸುವ ಕುರ್ಚಿಗಳು. ಊರಿನ ದಕ್ಷಿಣಕ್ಕೆ ಲಾ ಪೋಸಾ ಅನ್ನುವ ಸರ್ಕಾರಿ ಬಯಲಿದೆ. ಆಗ 180 ಡಾಲರ್ ಕೊಟ್ಟರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದಿತ್ತು. ಗಾಡಿ ನಿಲ್ಲಿಸುವ ಜಾಗದಲ್ಲಿ ಕರೆಂಟು ಇಲ್ಲ, ನಲ್ಲಿ ಇಲ್ಲ. ಏಳು ತಿಂಗಳಿಗೆ 180 ಡಾಲರ್! ಚಾಂಡ್ಲರ್‌ನಲ್ಲಿ ಅಷ್ಟಕ್ಕೆ ಎರಡು ರಾತ್ರಿ ಒಳ್ಳೆ ಹೋಟೆಲ್ ಸಿಗೋದಿಲ್ಲ.

ಜನವರಿಯಲ್ಲಿ ದೊಡ್ಡ ಬಿಳಿ ಡೇರೆ ಹಾಕಿ ಆರ್‌ವಿ ಮೇಳ, ಅಂದರೆ ಇಂಥ ಚಕ್ರದ ಮನೆಗಳ ಮೇಳ ನಡೆಸುತ್ತಾರೆ. ಎಲ್ಲರೂ ಹೊಗಳುತ್ತಾರೆ, ನನಗಂತೂ ಹಿಡಿಸಲಿಲ್ಲ. ಅರ್ಧ ಅಂಗಡಿಗಳಲ್ಲಿ ಮಂಡಿನೋವಿನ ಎಣ್ಣೆ ಮತ್ತು ಒರೆಸುವ ಬಟ್ಟೆ. ನಮ್ಮೂರ ಜಾತ್ರೆಯಲ್ಲಿ ಕೊನೇ ಪಕ್ಷ ಮಂಡಕ್ಕಿ ಸಿಗುತ್ತದೆ.

ಮೊದಲು ನೋಡಿದ್ದು ಚಿಕ್ಕದು, ಮಾರಾಟದ ಅಂಗಳದಲ್ಲಿ. ಅದರ ಮಾಡೆಲ್ ಹೆಸರಿನಲ್ಲಿ 28 ಅಂತ ಇತ್ತು. ಇವರು ಟೇಪ್ ಹಿಡಿದರೆ 32 ಅಡಿ. ಹೆಸರಿನ ಸಂಖ್ಯೆಯೂ ನಿಜವಾದ ಉದ್ದವೂ ಒಂದೇ ಆಗಿರಬೇಕಿಲ್ಲ ಅಂತ ಆವತ್ತೇ ಗೊತ್ತಾಗಿದ್ದು. ಇವರಿಗೆ ಸಿಟ್ಟು ಬಂತು. ಗ್ರ್ಯಾಂಡ್ ಕ್ಯಾನ್ಯನ್‌ನ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ 30 ಅಡಿ ಮೀರಿದ ಗಾಡಿಗೆ ಜಾಗ ಇಲ್ಲ, ಇವರ ಮೊದಲ ಪ್ಲಾನೇ ಅದಾಗಿತ್ತು. ಒಳಗೆ ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ. ಸೋಫಾ ಹಾಸಿದರೆ ಅಮ್ಮನಿಗೆ ಹಾಸಿಗೆ. ಎಸಿ ಒಂದೇ, ಎರಡನೆಯದಕ್ಕೆ ವೈರಿಂಗ್ ಮಾತ್ರ ಎಳೆದಿದ್ದರು. ಅಡುಗೆ ಕಟ್ಟೆ ಎಷ್ಟಿತ್ತು ಅಂದರೆ, ಚಪಾತಿ ಮಣೆ ಇಟ್ಟರೆ ಲಟ್ಟಣಿಗೆ ಕೈಯಲ್ಲೇ ಹಿಡಿದುಕೊಂಡಿರಬೇಕು.

ಅಮ್ಮನ ಪ್ರಶ್ನೆ ಬೇರೆ. "ಬಚ್ಚಲು ನೀರು, ಆ ಇನ್ನೊಂದು, ಎಲ್ಲ ಎಲ್ಲಿಗೆ ಹೋಗುತ್ತೆ?" ಕೆಳಗೆ ಟ್ಯಾಂಕ್ ಇದೆ, ಸ್ನಾನ-ಪಾತ್ರೆ ನೀರಿಗೆ ಒಂದು, ಕಕ್ಕಸಿಗೆ ಇನ್ನೊಂದು, ತುಂಬಿದ ಮೇಲೆ ಪೈಪ್ ಹಾಕಿ ಖಾಲಿ ಮಾಡಬೇಕು ಅಂದೆ. ಅಮ್ಮ ನೆಲ ನೋಡಿದರು, ಆಮೇಲೆ ಒಲೆ ನೋಡಿದರು. "ಅಂದ್ರೆ ಅದರ ಮೇಲೇ ನಿಂತು ಸಾರು ಮಾಡೋದು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂಗಳದ ಹುಡುಗ ನಮ್ಮ ಟ್ರಕ್ ನೋಡಿ, "ಇದು ಏನು ಬೇಕಾದರೂ ಎಳೆಯುತ್ತೆ" ಅಂದ. ಇವರ ಎಕ್ಸೆಲ್ ಹಾಳೆಯೂ ಅದನ್ನೇ ಹೇಳುತ್ತಿತ್ತು.

ಮಧ್ಯಾಹ್ನ ಊರಿನ ಸ್ಮಶಾನಕ್ಕೆ ಹೋದೆವು. ಚಿತ್ರಾನ್ನ ತಿನ್ನಲು ನೆರಳು ಹುಡುಕುತ್ತಿದ್ದವರು ಸುಮ್ನೆ ಬೋರ್ಡು ನೋಡಿ ತಿರುಗಿಸಿದ್ದು. ಅಲ್ಲಿ ಕಲ್ಲು ಜೋಡಿಸಿ ಕಟ್ಟಿದ ಪಿರಮಿಡ್ ಇದೆ, ತುದಿಯಲ್ಲಿ ಲೋಹದ ಒಂಟೆ. ಸಮಾಧಿ 'ಹೈ ಜಾಲಿ'ಯದು. ನಿಜ ಹೆಸರು ಹಾಜಿ ಅಲಿ. ಮರುಭೂಮಿಯಲ್ಲಿ ಸಾಮಾನು ಹೊರಲು ಅಮೆರಿಕದ ಸೈನ್ಯ ಆಚೆ ಕಡಲಿನಿಂದ ಒಂಟೆ ತರಿಸಿತ್ತು. 1856ರಲ್ಲಿ ಟೆಕ್ಸಾಸ್‌ನ ದಡಕ್ಕೆ ಬಂದ ಆ ಒಂಟೆಗಳ ಜೊತೆ ಬಂದವರಲ್ಲಿ ಈತನೂ ಒಬ್ಬ. ಯೋಜನೆ ನಿಂತುಹೋಯಿತು, ಈತ ಇಲ್ಲೇ ಉಳಿದ. 1902ರಲ್ಲಿ ತೀರಿಕೊಂಡ. ಪಿರಮಿಡ್ ಕಟ್ಟಿದ್ದು 1935ರಲ್ಲಿ.

"ಹಾಜಿ ಅಲೀನ ಹೈ ಜಾಲಿ ಮಾಡಿದ್ರಾ!" ಅಂತ ಅಮ್ಮ ನಕ್ಕರು. ನಾನೂ ನಕ್ಕೆ. ಇವರು ನಗಲಿಲ್ಲ. ಆಫೀಸಿನಲ್ಲಿ ಇವರ ಆರಕ್ಷರದ ಹೆಸರಿಗೆ ಹನ್ನೆರಡು ವರ್ಷದಿಂದ ಎರಡೇ ಅಕ್ಷರ.

ದೊಡ್ಡದು ಇದ್ದದ್ದು ಲಾ ಪೋಸಾದ ಒಳಗೆ, ಮಿನ್ನೆಸೋಟದ ವಯಸ್ಸಾದ ದಂಪತಿಯದು. 37 ಅಡಿ. ಗುಂಡಿ ಒತ್ತಿದರೆ ಮೂರು ಕಡೆ ಗೋಡೆ ಹೊರಗೆ ಸರಿದು ಕೋಣೆ ಅಗಲವಾಗುತ್ತದೆ. ಮಧ್ಯದಲ್ಲಿ ಮಕ್ಕಳಿಗೆ ಬಾಗಿಲಿರುವ ಪ್ರತ್ಯೇಕ ರೂಮು. ಎರಡು ಎಸಿ. ಅಡುಗೆಮನೆ ನಡುವೆ ಒಂದು ಕಟ್ಟೆ, ಅದರ ಸುತ್ತ ಇಬ್ಬರು ಓಡಾಡಬಹುದು. ಅಮ್ಮ ಕಟ್ಟೆ ಮೇಲೆ ಅಂಗೈ ಇಟ್ಟು, "ಇಲ್ಲಿ ಗ್ರೈಂಡರ್ ಕೂರುತ್ತೆ ಕಣೇ" ಅಂದರು. ಕೆಳಗಿನ ಟ್ಯಾಂಕಿನ ಮಾತೇ ಬರಲಿಲ್ಲ. ನನಗೆ ಆಗಲೇ ಮನಸ್ಸು ಕೂತುಬಿಟ್ಟಿತ್ತು. ಬೆಲೆ ಚಿಕ್ಕದಕ್ಕಿಂತ ಬರೀ ಮೂರು ಸಾವಿರ ಜಾಸ್ತಿ.

ಯಾಕೆ ಮಾರುತ್ತಿದ್ದೀರಿ ಅಂತ ಕೇಳಿದೆ. ಅಜ್ಜಿ ಒಳಗಿನ ಮೆಟ್ಟಿಲು ತೋರಿಸಿದರು. ಮಲಗುವ ಕೋಣೆ ಟ್ರಕ್ಕಿನ ಮೇಲೆ ಬರುವ ಭಾಗದಲ್ಲಿರುತ್ತದೆ, ಅಲ್ಲಿಗೆ ಮೂರು ಮೆಟ್ಟಿಲು. "ಅವನ ಮಂಡಿ ಮೂರನ್ನೂ ಲೆಕ್ಕ ಹಾಕಿ ಬೈಯುತ್ತೆ" ಅಂದರು. ಅಜ್ಜ ಹೊರಗೆ ಕಲ್ಲು ಉಜ್ಜುತ್ತಾ ಕೂತಿದ್ದರು. ಕ್ವಾರ್ಟ್‌ಸೈಟ್‌ಗೆ ಬರುವವರಲ್ಲಿ ಕಲ್ಲು ಕೂಡಿಸುವ ಹುಚ್ಚಿನವರು ಬಹಳ.

ಅಜ್ಜಿ ಕಾಫಿ ಕೊಟ್ಟರು. ಕಪ್ಪಿನ ತಳ ಕಾಣುವಂಥ ನೀರು ಕಾಫಿ. ಅಮ್ಮ ಮರ್ಯಾದೆಗೆ ಎರಡು ಗುಟುಕು ಕುಡಿದರು. ಇವರು ಹಣದ ಮಾತು ತೆಗೆಯುವಷ್ಟರಲ್ಲಿ ಅಜ್ಜಿ, "ನಿಮ್ಮ ಟ್ರಕ್ ಯಾವುದು?" ಅಂದರು. ಇವರು ಉತ್ಸಾಹದಿಂದ ಎಳೆಯುವ ಸಾಮರ್ಥ್ಯ 15,000 ಪೌಂಡ್, ನಿಮ್ಮ ಟ್ರೇಲರ್ ಪೂರ್ತಿ ತುಂಬಿದರೂ 14,000 ಅಂದರು.

ಅಜ್ಜಿ ಏನೂ ಅನ್ನಲಿಲ್ಲ. ಎದ್ದು ನಮ್ಮ ಟ್ರಕ್ ಹತ್ತಿರ ಹೋದರು. ಡ್ರೈವರ್ ಬಾಗಿಲು ತೆಗೆದು, ಸೊಂಟ ಹಿಡಿದುಕೊಂಡು ಬಗ್ಗಿ, ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಹಳದಿ ಪಟ್ಟಿಯ ಚೀಟಿ ಓದಿದರು. ಟಯರ್ ಗಾಳಿಯ ಲೆಕ್ಕ ಬರೆದಿರುವ ಆ ಚೀಟಿಯನ್ನು ನಾವು ನಾಲ್ಕು ವರ್ಷದಿಂದ ನೋಡಿಯೇ ಇರಲಿಲ್ಲ. ಜನ ಮತ್ತು ಸಾಮಾನು ಎರಡೂ ಸೇರಿ 3,150 ಪೌಂಡ್ ಮೀರಬಾರದು ಅಂತ ಅದರಲ್ಲಿತ್ತು.

"ಪೆನ್ ಇದೆಯಾ?" ಅಂದರು. ಪೇಪರ್ ಪ್ಲೇಟಿನ ಹಿಂದೆ ಬರೆದರು. ಫಿಫ್ತ್ ವೀಲ್‌ನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಪಿನ್ನಿನ ಮೂಲಕ ನೇರ ಟ್ರಕ್ಕಿನ ಬೆನ್ನಿಗೆ ಬೀಳುತ್ತದೆ. 14,000ಕ್ಕೆ 2,800. ಹಿಚ್ 150. "ನೀವು ಐದು ಜನ ಎಷ್ಟು ತೂಗ್ತೀರಿ?" ಎಲ್ಲರ ತೂಕ ಜೋರಾಗಿ ಹೇಳಬೇಕಾಯಿತು. ಅಮ್ಮ ತಮ್ಮದನ್ನು ನನ್ನ ಕಿವಿಯಲ್ಲಿ ಹೇಳಿದರು. ಒಟ್ಟು 550. ಕೂಡಿದರೆ 3,500.

"ಇನ್ನೂ ಊಟದ ಡಬ್ಬಿ ಹತ್ತಿಸಿಲ್ಲ" ಅಂತ ಅಜ್ಜಿ ಪ್ಲೇಟನ್ನು ಇವರ ಕೈಗೆ ಕೊಟ್ಟರು.

ಇವರು ಬಿಡಲಿಲ್ಲ. ಎಳೆಯುತ್ತದಲ್ಲ, ಎಂಜಿನ್‌ಗೆ ಶಕ್ತಿ ಇದೆಯಲ್ಲ ಅಂದರು. "ಎಳೆಯೋದು ಬೇರೆ, ಹೊರೋದು ಬೇರೆ" ಅಂದರು ಅಜ್ಜಿ. ತಾವೂ ಮೊದಲು ನಮ್ಮಂಥದ್ದೇ ಟ್ರಕ್ಕಿನಲ್ಲಿ ಇದನ್ನು ಎಳೆದಿದ್ದರಂತೆ. ಫ್ಲ್ಯಾಗ್‌ಸ್ಟಾಫ್‌ನಿಂದ ಕ್ಯಾಂಪ್ ವರ್ಡಿ ಕಡೆಗೆ ಐ-17ರಲ್ಲಿ ಇಳಿಯುವಾಗ ಟ್ರಕ್ಕಿನ ಹಿಂದಿನ ಟಯರ್ ಸಿಡಿಯಿತು. ಸ್ಟೇರಿಂಗ್ ಹಿಡಿದಿದ್ದವರು ಅಜ್ಜಿಯೇ. ಆಮೇಲೆ ಲಾರಿ ತೂಗುವ ಕಡೆ ಹೋಗಿ ನಿಲ್ಲಿಸಿದರೆ ಹಿಂದಿನ ಅಚ್ಚಿನ ಮೇಲೆ ಮಿತಿ ಮೀರಿದ ಭಾರ. ಮಂಚದ ಕೆಳಗೆ ಪೂರ್ತಿ ಅಜ್ಜನ ಕಲ್ಲು! ಅದಾದ ಮೇಲೆ ಹಿಂದೆ ನಾಲ್ಕು ಚಕ್ರ ಇರುವ ಒಂದು ಟನ್ನಿನ ಟ್ರಕ್ ಕೊಂಡರು.

ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. "ಶಿರಾಡಿ ಘಾಟ್ ಥರದ ಇಳಿಜಾರಾ?" ಅಂತ ಅಮ್ಮ ಕೇಳಿದರು. ಅದಕ್ಕಿಂತ ಅಗಲ ರಸ್ತೆ ಅಂದೆ. ಅಮ್ಮ ಅಜ್ಜಿ ಕಡೆ ತಿರುಗಿ ಕನ್ನಡದಲ್ಲೇ ಮಾತಾಡಿದರು. "ನಮ್ಮ ಅಣ್ಣಂದೂ ಲಾರಿ ಇತ್ತು. ಕೊಬ್ಬರಿ ಮೂಟೆ ಜಾಸ್ತಿ ಹಾಕ್ತಿದ್ದ. ಕೇಳ್ತಾನೇ ಇರ್ಲಿಲ್ಲ." ಅಜ್ಜಿಗೆ ಏನು ಅರ್ಥವಾಯಿತೋ, ಹೊರಗಿದ್ದ ಗಂಡನ ಕಡೆ ಹೆಬ್ಬೆರಳು ತೋರಿಸಿ ತಲೆ ಆಡಿಸಿದರು.

"ಆ ಟ್ರಕ್ ಇಟ್ಟುಕೊಂಡು ಬಂದರೆ ನಾನು ನಿಮಗೆ ಇದನ್ನು ಮಾರೋದಿಲ್ಲ" ಅಂತ ಕೊನೆಗೆ ಹೇಳಿದರು. ದನಿ ಏರಿಸಲಿಲ್ಲ. ನಮ್ಮ ಹತ್ತಿರ ಚೆಕ್ ಇತ್ತು, ಅವರಿಗೆ ಮಾರುವ ಅವಸರ ಇತ್ತು, ಜನವರಿ ಮುಗಿದರೆ ಗಿರಾಕಿ ಕಮ್ಮಿ. ಆದರೂ ಬೇಡ ಅಂದರು. ಈ ದೇಶದಲ್ಲಿ ಮಾರುವವರು ಬೇಡ ಅಂದದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ನಿಜ ಹೇಳಬೇಕೆಂದರೆ ಆವತ್ತು ನನಗೆ ಸಿಟ್ಟೇ ಬಂದಿತ್ತು. ಆ ಅಡುಗೆ ಕಟ್ಟೆ ಕಣ್ಣಿಂದ ಹೋಗುತ್ತಿರಲಿಲ್ಲ.

ಹೊರಡುವಾಗ ಅಜ್ಜ ಅಮ್ಮನಿಗೆ ಮುಷ್ಟಿ ಗಾತ್ರದ ತಿಳಿಗುಲಾಬಿ ಕಲ್ಲು ಕೊಟ್ಟರು.

ಬ್ಲೈತ್‌ನ ಮೋಟೆಲ್‌ನಲ್ಲಿ ರಾತ್ರಿ ಇವರು ಅದೇ ಪ್ಲೇಟಿನ ಮೇಲೆ ಚಿಕ್ಕದರ ಲೆಕ್ಕ ಹಾಕಿದರು. ತುಂಬಿದ ಮಿತಿ 10,900, ಪಿನ್ನಿಗೆ 2,180, ಮಿಕ್ಕಿದ್ದೆಲ್ಲ ಸೇರಿ 2,880. 270 ಪೌಂಡ್ ಉಳಿಯಿತು. ಎಕ್ಸೆಲ್ ಹಾಳೆಯನ್ನು ಮತ್ತೆ ತೆರೆಯಲೇ ಇಲ್ಲ. ಭಾನುವಾರ ಚಿಕ್ಕದನ್ನೇ ಕೊಂಡೆವು.

ಈಗಲೂ ಹೊಟ್ಟೆ ಉರಿಯುವ ಸಂಗತಿ ಒಂದಿದೆ. ಅಂಗಳದಲ್ಲಿ ಹಿಚ್ ಹಾಕಿ ಬಿಡಿಸುವ ಅಭ್ಯಾಸ ನಡೆಯಿತು. ಬಿಡಿಸುವಾಗ ಟ್ರೇಲರ್ ಚಕ್ರಕ್ಕೆ ಅಡ್ಡ ಕೊಟ್ಟರು, ಕಾಲು ಇಳಿಸಿದರು, ವೈರ್ ಕಿತ್ತರು, ಹ್ಯಾಂಡಲ್ ಎಳೆದರು. ಎಲ್ಲ ಸರಿ. ಟ್ರಕ್ಕಿನ ಹಿಂದಿನ ಬಾಗಿಲು ಇಳಿಸುವುದು ಮರೆತರು. ಮುಂದಕ್ಕೆ ಹೋದ ಕೂಡಲೇ ಟ್ರೇಲರ್‌ನ ಮೂತಿ ಬಾಗಿಲಿಗೆ ಬಡಿದು ಅದು ಪಾಪಡ್ ಥರ ಮಡಚಿಕೊಂಡಿತು, ಕ್ಯಾಮೆರಾ ಸಮೇತ. 1,850 ಡಾಲರ್. ನಮಗೆ ಕಲಿಸಲು ನಿಂತಿದ್ದ ಹುಡುಗ ಫೋನ್ ನೋಡುತ್ತಿದ್ದ. ನೀವು ಯಾರಾದರೂ ಕೊಳ್ಳುವವರಿದ್ದರೆ ಹ್ಯಾಂಡಲ್‌ಗೆ ಒಂದು ಕೆಂಪು ರಿಬ್ಬನ್ ಕಟ್ಟಿ. ಬಾಗಿಲು ಇಳಿಸಿದ ಮೇಲೆ ಮಾತ್ರ ರಿಬ್ಬನ್ ಬಿಚ್ಚಿ. ಹಾಕುವಾಗಲೂ ಅಷ್ಟೇ, ಟ್ರೇಲರ್ ಕಾಲು ಎತ್ತುವ ಮೊದಲು ಟ್ರಕ್ ಮೆಲ್ಲಗೆ ಮುಂದಕ್ಕೆ ಜಗ್ಗಿ ಪಿನ್ನು ಕಚ್ಚಿದೆಯಾ ನೋಡಿ.

ಇನ್ನೊಂದು. ಫೀನಿಕ್ಸ್ ಸುತ್ತ ಟ್ರೇಲರ್ ನಿಲ್ಲಿಸುವ ಪಾರ್ಕು ಬೇಕಾದಷ್ಟಿವೆ ಅಂದುಕೊಂಡು ಕೊಳ್ಳಬೇಡಿ. ಮೇಸಾ, ಅಪಾಚೆ ಜಂಕ್ಷನ್ ಕಡೆ ಎಷ್ಟೋ ಪಾರ್ಕುಗಳು 55 ದಾಟಿದವರಿಗೆ ಮಾತ್ರ, ಮಕ್ಕಳಿಗೆ ಪ್ರವೇಶವಿಲ್ಲ. ನಾವು ಹನ್ನೊಂದು ಕಡೆ ಫೋನ್ ಮಾಡಿದ ಮೇಲೆ ಜಾಗ ಸಿಕ್ಕಿತು.

ಮೇ ತಿಂಗಳಲ್ಲಿ ಎರಡನೇ ಎಸಿ ಹಾಕಿಸಿದೆವು. ಹಾಕಿಸದಿದ್ದರೆ ಏನಾಗುತ್ತಿತ್ತೋ. ಆ ವರ್ಷ ಜೂನ್ 30ರಿಂದ 31 ದಿನ ಒಂದೇ ಸಮನೆ ಫೀನಿಕ್ಸ್‌ನಲ್ಲಿ ಹಗಲಿನ ಗರಿಷ್ಠ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ತಗಡಿನ ಗೋಡೆ ಮುಟ್ಟಿದರೆ ದೋಸೆ ಕಾವಲಿ.

ಗ್ರೈಂಡರ್ 30 ಪೌಂಡ್ ತೂಗಿತು. ಉಳಿದ 270ರಲ್ಲಿ ಅಮ್ಮ ಟ್ರಕ್ಕಿಗೆ ಮೊದಲು ಹತ್ತಿಸಿದ್ದೇ ಅದನ್ನು. ಟ್ರೇಲರ್ ಒಳಗೆ ಕಟ್ಟೆ ಮೇಲೆ ಜಾಗವಿಲ್ಲದೆ ಅದು ನೆಲದ ಮೇಲೆ ಕೂತಿತು. ಕೆಳಗೆ ಟ್ಯಾಂಕ್ ಇದೆ ಅಂತ ಅಮ್ಮ ಅದರಡಿ ಒಂದು ಮಣೆ ಹಾಕಿದರು. ಅವರಿಗೆ ಅಷ್ಟು ಅಂತರ ಸಾಕಾಯಿತು.

ಜೂನ್‌ನಲ್ಲಿ ಅಮ್ಮ ವಾಪಸ್ ಹೊರಟರು. ಏರ್‌ಪೋರ್ಟ್‌ನಲ್ಲಿ ಸೂಟ್‌ಕೇಸ್ 52 ಪೌಂಡ್ ತೋರಿಸಿತು, ಮಿತಿ 50. ಅಮ್ಮ ಅಲ್ಲೇ ನೆಲದ ಮೇಲೆ ಕೂತು ಜಿಪ್ ಎಳೆದರು. ಸೀರೆಗಳ ಮಧ್ಯದಿಂದ ಆ ಗುಲಾಬಿ ಕಲ್ಲು ತೆಗೆದು ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡರು. ಮತ್ತೆ ತಕ್ಕಡಿ ಮೇಲೆ ಇಟ್ಟರೆ ಸರಿಯಾಗಿ 50.