ಒಂದೇ ದಿನಕ್ಕೆ ಊಟಿಯಲ್ಲಿ ಏನು ನೋಡುವುದು?

ಮೈಸೂರಿನಲ್ಲಿ ಮನೆ ಮಾಡಿಕೊಂಡವರಿಗೆ ನೆಂಟರ ಬರ ಎಂದೂ ಇರುವುದಿಲ್ಲ. ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಶ್ರೀರಂಗಪಟ್ಟಣ ಎಲ್ಲ ಮುಗಿಸಿ ರಾತ್ರಿ ಊಟಕ್ಕೆ ಕೂತಾಗ ಆ ಮಾತು ಬಂದೇ ಬರುತ್ತದೆ: ‘ನಾಳೆ ಹೇಗೂ ಬಿಡುವಿದೆ, ಊಟಿಗೆ ಹೋಗಿಬರುತ್ತೇವೆ. ಅಲ್ಲಿ ಏನೇನು ನೋಡಬೇಕು?’ ಕೇಳುವವರ ಮೊಬೈಲ್‌ನಲ್ಲಿ ಆಗಲೇ ಉದ್ದದ ಪಟ್ಟಿಯೊಂದು ಸಿದ್ಧವಿರುತ್ತದೆ. ಅದರ ಮುಕ್ಕಾಲು ಪಾಲನ್ನು ಹೊಡೆದುಹಾಕುವುದು ನನ್ನ ಮೊದಲ ಕೆಲಸ.

ಕೆರೆಯ ದೋಣಿ ವಿಹಾರ ಬೇಡ. ಕೆರೆ 1824ರಷ್ಟು ಹಳೆಯದು, ಊಟಿಯನ್ನು ಕಟ್ಟಿದ ಜಾನ್ ಸಲಿವನ್ ಮಾಡಿಸಿದ್ದು, ಎಲ್ಲ ಸರಿ. ಆದರೆ ದೋಣಿಗಾಗಿ ಸರದಿಯಲ್ಲಿ ನಿಲ್ಲುವುದಕ್ಕೆ ನಮ್ಮ ಕಾರಂಜಿ ಕೆರೆ ಸಾಲದೇ? ಮೇಣದ ಬೊಂಬೆಗಳಿಗಾಗಿ ಯಾರೂ ಬೆಟ್ಟ ಹತ್ತಬೇಕಾಗಿಲ್ಲ. 2,637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ಆಕಾಶ ತಿಳಿಯಾಗಿದ್ದರೆ ಮಾತ್ರ ಹೋಗಿ. ಮಂಜು ಕವಿದಿದ್ದರೆ ಅಲ್ಲಿ ಕಾಣುವುದು ಮುಂದೆ ನಿಂತವರ ಬೆನ್ನು ಮಾತ್ರ.

ಹಾಗಾದರೆ ಏನು ನೋಡುವುದು? ಮೊದಲು ಸೇಂಟ್ ಸ್ಟೀಫನ್ಸ್ ಚರ್ಚ್. ‘ಚರ್ಚಾ?’ ಎಂದು ಮುಖ ಸಣ್ಣದು ಮಾಡುತ್ತಾರೆ. ಆಗ ನಾನು ಕೇಳುತ್ತೇನೆ: ಶ್ರೀರಂಗಪಟ್ಟಣದಲ್ಲಿ ರಂಗನಾಥನ ಗುಡಿಯ ಹತ್ತಿರ, ಟಿಪ್ಪುವಿನ ಲಾಲ್ ಮಹಲ್ ಇದ್ದದ್ದು ಇಲ್ಲೇ ಎಂದು ಗೈಡ್ ತೋರಿಸಲಿಲ್ಲವೇ? ಅಲ್ಲಿ ಪಾಯದ ಗುರುತು ಬಿಟ್ಟರೆ ಏನೂ ಉಳಿದಿಲ್ಲ. ಆ ಅರಮನೆಯ ಮರಮುಟ್ಟು ಇರುವುದು ಊಟಿಯ ಈ ಚರ್ಚಿನಲ್ಲಿ. ಟಿಪ್ಪು ಮಡಿದ 1799ರ ಯುದ್ಧದ ನಂತರ ನೀಲಗಿರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಮೂವತ್ತು ವರ್ಷಗಳ ಬಳಿಕ ಮದ್ರಾಸಿನ ಗವರ್ನರ್ ಲಷಿಂಗ್ಟನ್ ಇಲ್ಲೊಂದು ಚರ್ಚಿಗೆ ಅಡಿಗಲ್ಲು ಹಾಕಿಸಿದಾಗ, ದೊಡ್ಡ ತೊಲೆಗಳನ್ನು ಶ್ರೀರಂಗಪಟ್ಟಣದಿಂದ ತರಿಸಿದರು. ಘಾಟಿ ರಸ್ತೆಗಳಿಲ್ಲದ ಕಾಲದಲ್ಲಿ ಅವನ್ನು ಆನೆಗಳಿಂದ ಎಳೆಸಿದರೆಂದು ಹೇಳುತ್ತಾರೆ. ಚರ್ಚ್ 1830ರಲ್ಲಿ ಸಿದ್ಧವಾಯಿತು. ಹೊರಗೆ ತೆಳು ಹಳದಿ ಬಣ್ಣ. ಒಳಗೆ ಕಾಲಿಟ್ಟರೆ ಕಪ್ಪಿಗೆ ತಿರುಗಿದ ಮರ, ಅದರ ಮೇಲೆ ಬಣ್ಣದ ಗಾಜಿನಿಂದ ಸೋಸಿ ಬರುವ ಬೆಳಕು. ಹಿಂಭಾಗದ ಸ್ಮಶಾನದಲ್ಲಿ ಸಲಿವನ್ನನ ಹೆಂಡತಿ ಮತ್ತು ಮಗಳ ಸಮಾಧಿಗಳಿವೆ. ಹಿಂದಿನ ದಿನ ಪಾಯ ನೋಡಿ ಬಂದವರು ಮರುದಿನ ತೊಲೆ ನೋಡದೆ ಚಾಕೊಲೇಟ್ ಅಂಗಡಿಗೆ ನುಗ್ಗುವುದು ನನಗೆ ಸಹಿಸದ ಸಂಗತಿ.

ಆಮೇಲೆ ರೈಲು. ಬೆಟ್ಟದ ಬುಡದ ಮೆಟ್ಟುಪಾಳಯದಿಂದ, ಹಲ್ಲಿರುವ ಹಳಿಯನ್ನು ಕಚ್ಚಿಕೊಂಡು ರೈಲು ಮೇಲೇರುವ ಪ್ರಯಾಣ ಒಂದು ದಿನದವರಿಗೆ ದಕ್ಕುವುದಿಲ್ಲ. ಊಟಿಯಿಂದ ಕೂನೂರಿನವರೆಗೆ ಹೋಗಿ, ಬಸ್ಸಿನಲ್ಲಿ ಹಿಂದಿರುಗಿ. 1908ರಲ್ಲಿ ಊಟಿ ಮುಟ್ಟಿದ, 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳಿ ಇದು. ಲವ್‌ಡೇಲ್ ದಾಟಿದ ಮೇಲೆ ಕೇತಿ ಕಣಿವೆ ತೆರೆದುಕೊಳ್ಳುತ್ತದೆ: ಮೆಟ್ಟಿಲು ಮೆಟ್ಟಿಲಾಗಿ ತರಕಾರಿ ಹೊಲ, ನಡುವೆ ಈ ಬೆಟ್ಟಗಳಲ್ಲಿ ನೆಲೆಸಿದ ಬಡಗ ಸಮುದಾಯದವರ ಹಟ್ಟಿಗಳು. ಪಕ್ಕದಲ್ಲಿ ಕೂತವರು ಬಡಗ ಮಾತನಾಡುತ್ತಿದ್ದರೆ ಸ್ವಲ್ಪ ಕಿವಿಗೊಡಿ, ಕನ್ನಡಿಗರಿಗೆ ಎಷ್ಟೋ ತಿಳಿಯುತ್ತದೆ. ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ತಾವು ಎಂಬ ಐತಿಹ್ಯ ಅವರಲ್ಲಿದೆ.

ಸಸ್ಯೋದ್ಯಾನಕ್ಕೆ ಎಲ್ಲರೂ ಹೋಗುತ್ತಾರೆ, ಹೋಗಲಿ. 1848ರ ಸುಮಾರಿಗೆ ಶುರುವಾದ ತೋಟ ಅದು. ಬಾಗಿಲಿನ ಹತ್ತಿರದ ಹುಲ್ಲುಹಾಸಿನಲ್ಲೇ ಫೋಟೊ ತೆಗೆದುಕೊಂಡು ಹಿಂದಿರುಗಬೇಡಿ. 2 ಕೋಟಿ ವರ್ಷ ಹಳೆಯದೆನ್ನುವ, ಕಲ್ಲಾದ ಮರದ ಕಾಂಡವಿದೆ. ಇನ್ನೂ ಮೇಲಕ್ಕೆ ಹತ್ತಿದರೆ ನೀಲಗಿರಿಯ ಬುಡಕಟ್ಟಿನವರಾದ ತೋಡರ ಮಂದು, ಅಂದರೆ ಅವರ ಹಟ್ಟಿ. ಅರ್ಧ ಹೂಳಿಟ್ಟ ಪೀಪಾಯಿಯಂತೆ ಬಾಗಿದ ಚಾವಣಿ, ತೆವಳಿಕೊಂಡೇ ಒಳಹೋಗಬೇಕಾದಷ್ಟು ಚಿಕ್ಕ ಬಾಗಿಲು. ಅದು ಜನ ಬಾಳುವ ಜಾಗ, ಕೇಳದೆ ಇಣುಕಬೇಡಿ. ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನ ಕಸೂತಿ ಹಾಕಿದ ಶಾಲು ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ.

ಸಮಯ ಉಳಿದರೆ ಫರ್ನ್‌ಹಿಲ್. ಮೈಸೂರು ಮಹಾರಾಜರ ಬೇಸಿಗೆ ಅರಮನೆ ಈಗ ಹೋಟೆಲ್; ಅದೇ ಬಡಾವಣೆಯಲ್ಲಿ ಕರ್ನಾಟಕ ತೋಟಗಾರಿಕೆ ಇಲಾಖೆಯ 38 ಎಕರೆ ತೋಟವೂ ಇದೆ. ನೂಕುನುಗ್ಗಲು ಬೇಡವೆನ್ನುವ ಹಿರಿಯರಿದ್ದರೆ ಸಸ್ಯೋದ್ಯಾನ ಬಿಟ್ಟು ಇಲ್ಲಿಗೇ ಕರೆದೊಯ್ಯಿರಿ.

ಇನ್ನು ದಾರಿಯ ಮಾತು. 2024ರ ಮೇ ತಿಂಗಳಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು, ಹಿಂದಿನ ರಾತ್ರಿಯೇ ಮಾಡಿಸಿಕೊಳ್ಳಿ. ನೀರಿನ ಪ್ಲಾಸ್ಟಿಕ್ ಬಾಟಲಿ ಮನೆಯಲ್ಲೇ ಇರಲಿ. ಮಸಿನಗುಡಿಯಿಂದ ಮೇಲೇರುವ ಕಲ್ಹಟ್ಟಿ ಘಾಟಿಯ 36 ತಿರುವುಗಳು ಹತ್ತಿರದ ದಾರಿ ನಿಜ, ಆದರೆ ಇಳಿಯುವಾಗ ಗೂಡಲೂರಿನ ಸುತ್ತುದಾರಿಯೇ ಕ್ಷೇಮ. ಚಾಕೊಲೇಟ್ ಬದಲು ವರ್ಕಿ ಎಂಬ ಊಟಿಯ ಗರಿಗರಿ ಬಿಸ್ಕತ್ತು ಕಟ್ಟಿಸಿಕೊಳ್ಳಿ. ಬೇಕರಿಯಿಂದ ಆಗಷ್ಟೇ ಬಂದದ್ದಾದರೆ ಮುಟ್ಟಿದೊಡನೆ ಪದರ ಪದರವಾಗಿ ಉದುರುತ್ತದೆ. ಸಂಜೆ ನಾಲ್ಕಕ್ಕೆಲ್ಲ ಹೊರಡಿ. ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಗ್ಗೆ ಆರಕ್ಕೆ. ಆ ಹೊತ್ತಿನಲ್ಲಿ ನನಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಅರಣ್ಯ ಇಲಾಖೆಯಲ್ಲಿ ನನಗೆ ಯಾರೂ ಪರಿಚಯವಿಲ್ಲ.